ರಸಮಂಜರಿಯಲ್ಲಿ ಉಳಿಯುವ ಹಾಡು

ಬಿಡುಗಡೆಯಾದ ವರ್ಷ ಊರೆಲ್ಲ ಮೊಳಗಿದ ಎಷ್ಟೋ ಚಿತ್ರಗೀತೆಗಳು ಮರುವರ್ಷದ ಗಣೇಶೋತ್ಸವದ ರಸಮಂಜರಿಯಲ್ಲಿ ಕೇಳಿಬರುವುದೇ ಇಲ್ಲ. ಹಂಸಲೇಖ ಅವರು 1993ರ ‘ಆಕಸ್ಮಿಕ’ಕ್ಕಾಗಿ ಬರೆದು ರಾಗ ಹಾಕಿದ, ಡಾ. ರಾಜ್‌ಕುಮಾರ್ ಹಾಡಿದ ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಮಾತ್ರ ಪ್ರತಿ ನವೆಂಬರಿನಲ್ಲೂ ಮರಳುತ್ತದೆ. ವರ್ಷದಲ್ಲಿ ಅದಕ್ಕೊಂದು ದಿನ ಸಿಕ್ಕಿದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಗಾಯಕನ ಕಂಠ ಹೇಗೇ ಇರಲಿ, ಪಲ್ಲವಿಯನ್ನು ಸಭಿಕರೇ ಎತ್ತಿಕೊಳ್ಳುತ್ತಾರೆ.

ಈ ಶತಮಾನದ ಹಾಡುಗಳಲ್ಲಿ ಅಂಥ ಆಯುಸ್ಸು ಯಾವುದಕ್ಕೆ? ‘ಮುಂಗಾರು ಮಳೆ’ಯ (2006) ‘ಅನಿಸುತಿದೆ ಯಾಕೋ ಇಂದು’ ಒಂದೇ ಕೀಬೋರ್ಡಿನ ಆಸರೆಯಲ್ಲೂ ನಿಲ್ಲುತ್ತದೆ. ‘ಕೆಜಿಎಫ್’ ಗೀತೆಗಳ ಸಮೂಹಕಂಠದ ಅಬ್ಬರವನ್ನು ಐದಾರು ಜನರ ತಂಡ ತರುವುದು ಕಷ್ಟ. ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ವಾದ್ಯದವರಿಗೆ ಕೆಲಸವೇ ಇಲ್ಲ.

‘ರಾಜಕುಮಾರ’ (2017) ಚಿತ್ರದ ‘ಬೊಂಬೆ ಹೇಳುತೈತೆ’ಯ ಕಥೆಯೇ ಬೇರೆ. ವಿ. ಹರಿಕೃಷ್ಣ ಸಂಗೀತದ, ವಿಜಯ್ ಪ್ರಕಾಶ್ ಹಾಡಿದ ಈ ಗೀತೆ 1971ರ ‘ಕಸ್ತೂರಿ ನಿವಾಸ’ದ ಬೊಂಬೆ ಹಾಡನ್ನು ನೆನಪಿಸುವಂಥದ್ದು, ತಂದೆಯ ಚಿತ್ರಕ್ಕೆ ಮಗನ ಚಿತ್ರ ಸಲ್ಲಿಸಿದ ನಮನ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅದು ಅವರಿಗೇ ಶ್ರದ್ಧಾಂಜಲಿಯಾಯಿತು. ಆ ದಿನಕ್ಕೂ ರಾಜ್ಯೋತ್ಸವಕ್ಕೂ ಮೂರೇ ದಿನಗಳ ಅಂತರ. ಹೀಗಾಗಿ ತಂದೆಯ ಹಾಡು, ಮಗನ ಹಾಡು ಎರಡೂ ಒಂದೇ ವೇದಿಕೆಗೆ ಬಂದಿವೆ. ಕುಣಿತದ ಹಾಡುಗಳ ನಡುವೆ ಬೊಂಬೆಯ ಪಲ್ಲವಿ ಕೇಳಿದೊಡನೆ ಮೊಬೈಲ್ ದೀಪಗಳು ಮೇಲೇಳುತ್ತವೆ. ಶ್ರುತಿ ತಪ್ಪಿದರೆ ಕೂಗುವ ಹುಡುಗರೂ ಆಗ ಸುಮ್ಮನಿರುತ್ತಾರೆ.