ಮೊಸರು ತಿಂದ್ರೆ ರೋಗನಿರೋಧಕ ಶಕ್ತಿ ಹೆಚ್ಚುತ್ತಾ? ‘ಪ್ರೋಬಯಾಟಿಕ್’ ಅನ್ನೋ ಪದದ ಅಸಲಿಯತ್ತು ಇಲ್ಲಿದೆ

ಕೊರೊನಾ ಬಂದು ಹೋದ ಮೇಲೆ ‘ಇಮ್ಯುನಿಟಿ’ ಅನ್ನೋ ಪದ ಹಳ್ಳಿ ಅಂಗಡಿವರೆಗೂ ಬಂದಿದೆ. ಫ್ರಿಡ್ಜ್‌ನಲ್ಲಿ ಸಾದಾ ಮೊಸರಿನ ಪ್ಯಾಕೆಟ್ ಪಕ್ಕದಲ್ಲೇ ‘ಪ್ರೋಬಯಾಟಿಕ್’ ಅಂತ ಬರೆದ ಕಪ್, ಪುಟ್ಟ ಬಾಟಲಿ ಕೂತಿರುತ್ತೆ. ರೇಟು ಮಾತ್ರ ಜಾಸ್ತಿ. ‘ಇದನ್ನ ಕೊಟ್ರೆ ಮಕ್ಕಳಿಗೆ ಶೀತ, ಜ್ವರ ಬರಲ್ವಾ?’ ಅಂತ ಗಿರಾಕಿ ಕೇಳಿದ್ರೆ ‘ಬರಲ್ಲ’ ಅಂತ ಗ್ಯಾರಂಟಿ ಕೊಡೋಕೆ ಆಗಲ್ಲ. ಹಾಗಂತ ಪೂರ್ತಿ ಸುಳ್ಳು ಅಂತಲೂ ಹೇಳೋ ಹಾಗಿಲ್ಲ.

ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿರೋ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಗಟ್ಟಿಯಾಗೋದು, ಹುಳಿ ಬರೋದು ಇದರಿಂದಲೇ. ಕಾರ್ಖಾನೆಯ ಯೋಗರ್ಟ್‌ಗೆ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್, ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಅನ್ನೋ ಎರಡು ಗೊತ್ತಿರೋ ತಳಿಗಳನ್ನು ಹಾಕುತ್ತಾರೆ. ಮನೆ ಮೊಸರಿನ ಕಥೆ ಬೇರೆ. ಪಕ್ಕದ ಮನೆಯಿಂದ ತಂದ ಹೆಪ್ಪಲ್ಲಿ ಏನಿತ್ತೋ ಅದೇ ಬೆಳೆಯುತ್ತೆ. ಮನೆಯಿಂದ ಮನೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಅದು ಬದಲಾಗುತ್ತೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2001ರಲ್ಲಿ ಕೊಟ್ಟ ವ್ಯಾಖ್ಯಾನದ ಪ್ರಕಾರ ಪ್ರೋಬಯಾಟಿಕ್ ಅಂದ್ರೆ ಜೀವಂತ ಸೂಕ್ಷ್ಮಾಣು ಆಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಕೊಡಬೇಕು, ಅದರಿಂದ ಆರೋಗ್ಯಕ್ಕೆ ಲಾಭ ಆಗಬೇಕು. ಮನೆ ಮೊಸರಲ್ಲಿ ಜೀವಂತ ಬ್ಯಾಕ್ಟೀರಿಯಾ ಇದ್ದೇ ಇರುತ್ತೆ. ಉಳಿದೆರಡನ್ನು ಯಾರು ಅಳೆದಿದ್ದಾರೆ?

ಈ ನಂಬಿಕೆ ಹೊಸದಲ್ಲ. ರಷ್ಯಾ ಮೂಲದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನೂರು ವರ್ಷಕ್ಕೂ ಹಿಂದೆಯೇ, ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿಯೋದಕ್ಕೇ ಜಾಸ್ತಿ ವರ್ಷ ಬದುಕ್ತಾರೆ ಅಂತ ವಾದ ಮಾಡಿದ್ದರು. ಅವರಿಗೆ 1908ರಲ್ಲಿ ನೊಬೆಲ್ ಬಂತು. ಆದ್ರೆ ಅದು ಮೊಸರಿಗಲ್ಲ, ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗಿ ಹಾಕೋದನ್ನು ತೋರಿಸಿಕೊಟ್ಟಿದ್ದಕ್ಕೆ.

ಒಡಿಶಾದ ಪ್ರಯೋಗ

ಪ್ರೋಬಯಾಟಿಕ್ ನಿಜಕ್ಕೂ ಕೆಲಸ ಮಾಡುತ್ತೆ ಅನ್ನೋದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯ್ತು. ಅರ್ಧದಷ್ಟು ಮಕ್ಕಳಿಗೆ ಹುಟ್ಟಿದ ಕೆಲವೇ ದಿನದಲ್ಲಿ ಶುರು ಮಾಡಿ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು, ಆ ಬ್ಯಾಕ್ಟೀರಿಯಾಗೆ ಆಹಾರವಾಗೋ ಒಂದು ಬಗೆಯ ಸಕ್ಕರೆ ಜೊತೆ ಕೊಟ್ಟರು. ಎರಡು ತಿಂಗಳು ನಿಗಾ ಇಟ್ಟು ನೋಡಿದಾಗ, ಕೊಡದ ಮಕ್ಕಳಲ್ಲಿ ರಕ್ತದ ಸೋಂಕು ಅಥವಾ ಸಾವು ಶೇ. 9ರಷ್ಟಿದ್ದರೆ, ಕೊಟ್ಟವರಲ್ಲಿ ಶೇ. 5.4ಕ್ಕೆ ಇಳಿದಿತ್ತು. ಉಸಿರಾಟದ ಸೋಂಕೂ ಕಡಿಮೆಯಾಗಿತ್ತು.

ಆದ್ರೆ ಅಲ್ಲಿ ಕೊಟ್ಟಿದ್ದು ಮೊಸರಲ್ಲ. ಆರಿಸಿದ ಒಂದೇ ತಳಿ, ಲೆಕ್ಕ ಹಾಕಿದ ಪ್ರಮಾಣ, ಆರೋಗ್ಯವಾಗಿ ಹುಟ್ಟಿದ, ಎದೆಹಾಲು ಕುಡಿಯೋ ಮಕ್ಕಳು. ಇದನ್ನ ಓದಿ ಯಾರೂ ಹಸುಗೂಸಿಗೆ ಮೊಸರು ನೆಕ್ಕಿಸಬಾರದು. ಆರು ತಿಂಗಳು ತುಂಬೋವರೆಗೆ ಎದೆಹಾಲು ಮಾತ್ರ.

ಶೀತ, ನೆಗಡಿ ವಿಷಯಕ್ಕೆ ಬಂದ್ರೆ, ಕಾಕ್ರೇನ್ ಸಂಸ್ಥೆ 2022ರಲ್ಲಿ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪ್ರೋಬಯಾಟಿಕ್ ತಗೊಂಡವರಿಗೆ ಸೋಂಕು ಸ್ವಲ್ಪ ಕಡಿಮೆ ಬಂದಿತ್ತು, ಆದ್ರೆ ಸಾಕ್ಷ್ಯದ ಗಟ್ಟಿತನ ಕಡಿಮೆಯಿಂದ ಮಧ್ಯಮ ಅಷ್ಟೇ ಅಂತ ಹೇಳಿತು. ಪ್ರಯೋಗಕ್ಕೊಂದು ತಳಿ ಬಳಸಿದ್ದರಿಂದ ಒಂದರ ಫಲಿತಾಂಶ ಇನ್ನೊಂದಕ್ಕೆ ಅಂಟಿಸೋಕೆ ಬರಲ್ಲ.

ಜಾಹೀರಾತು ಮಾತ್ರ ಇಷ್ಟೆಲ್ಲ ನೋಡಲ್ಲ. ಅಮೆರಿಕದಲ್ಲಿ ಡ್ಯಾನನ್ ಕಂಪನಿ ತನ್ನ ಪ್ರೋಬಯಾಟಿಕ್ ಪಾನೀಯ ಕುಡಿದ್ರೆ ಶೀತ, ಫ್ಲೂ ಕಡಿಮೆ ಬರುತ್ತೆ ಅಂತ ಪ್ರಚಾರ ಮಾಡಿ ಸಿಕ್ಕಿಹಾಕಿಕೊಂಡಿತು. 2010ರಲ್ಲಿ ಆ ಪ್ರಚಾರ ಕೈಬಿಡೋಕೆ ಒಪ್ಪಿ, 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಬೇಕಾಯ್ತು. ಯುರೋಪಿನಲ್ಲಿ ಯೋಗರ್ಟ್ ಬ್ಯಾಕ್ಟೀರಿಯಾ ಬಗ್ಗೆ ಒಪ್ಪಿಗೆ ಸಿಕ್ಕಿರೋ ಮಾತು ಒಂದೇ: ಹಾಲಿನ ಸಕ್ಕರೆ ಅರಗದವರಿಗೆ ಅದು ಸಹಾಯ ಮಾಡುತ್ತೆ. ಅದಕ್ಕೂ ಗ್ರಾಂಗೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು.

ಮಜ್ಜಿಗೆಹುಳಿ ಕುದಿಸಿದಾಗ ಈ ಬ್ಯಾಕ್ಟೀರಿಯಾ ಸಾಯುತ್ತವೆ. ಫ್ರಿಡ್ಜ್ ಇಲ್ಲದೆ ತಿಂಗಳುಗಟ್ಟಲೆ ಇಡೋ ಡಬ್ಬಿ ಮಜ್ಜಿಗೆಯನ್ನೂ ಕಾಯಿಸಿಯೇ ತುಂಬಿರೋದು. ಪ್ರೋಟೀನ್, ಕ್ಯಾಲ್ಸಿಯಂ ಎಲ್ಲಿಗೂ ಹೋಗಲ್ಲ, ಊಟಕ್ಕೆ ಮೊಸರು ಒಳ್ಳೆಯದೇ. ಲಸಿಕೆಗೆ ಮಾತ್ರ ಅದು ಬದಲಿ ಅಲ್ಲ.

ಅಂಗಡಿಯವರು ದುಬಾರಿ ಕಪ್ ತರಿಸೋ ಮುಂಚೆ ಲೇಬಲ್ ನೋಡಲಿ. ಬ್ಯಾಕ್ಟೀರಿಯಾ ತಳಿಯ ಹೆಸರು, ಎಷ್ಟಿದೆ ಅನ್ನೋ ಸಂಖ್ಯೆ ಇಲ್ಲದೆ ಬರೀ ‘ಪ್ರೋಬಯಾಟಿಕ್’ ಅಂತಿದ್ರೆ ಜಾಸ್ತಿ ದುಡ್ಡು ಯಾಕೆ ಅಂತ ಗಿರಾಕಿ ಕೇಳಬಹುದು. ಕರೆಂಟ್ ಹೋಗಿ ಗಂಟೆಗಟ್ಟಲೆ ಬಿಸಿಯಾದ ಬಾಟಲಿಯಲ್ಲಿ ಲೇಬಲ್ ಹೇಳಿದಷ್ಟು ಉಳಿದಿರುತ್ತೆ ಅನ್ನೋ ಭರವಸೆಯೂ ಇಲ್ಲ.

ಇನ್ನು ಔಷಧಿ ತಗೊಳ್ಳೋರಿಗೆ ಒಂದು ಮಾತು. ಸಿಪ್ರೋಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಮಾತ್ರೆಗಳನ್ನು ಮೊಸರು, ಮಜ್ಜಿಗೆ ಜೊತೆ ನುಂಗಬಾರದು. ಕ್ಯಾಲ್ಸಿಯಂ ಅಂಟಿಕೊಂಡು ಮಾತ್ರೆ ಮೈಗೆ ಹತ್ತಲ್ಲ. ಎಷ್ಟು ಗಂಟೆ ಬಿಡಬೇಕು ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ರೆ ಹೇಳ್ತಾರೆ. ಕ್ಯಾನ್ಸರ್‌ಗೆ ಕೀಮೋ ತಗೊಳ್ತಿರೋರು, ಅಂಗಾಂಗ ಕಸಿ ಆದವರು ಪ್ರೋಬಯಾಟಿಕ್ ಪುಡಿ, ಕ್ಯಾಪ್ಸೂಲ್‌ಗಳನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು.