ಮೋರ್ಯರ ಮನೆಗೆ ವಯಸ್ಸೆಷ್ಟು?

ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತಿದರೆ ಕಲ್ಲುಚಪ್ಪಡಿಯ ಮನೆಗಳ ಓಣಿಯೇ ಎದುರಾಗುತ್ತದೆ. ಮೋರ್ಯರೆಂಬ ಕುಳ್ಳ ಜನ ಇಲ್ಲಿದ್ದರಂತೆ ಎಂದು ಹಿರಿಯರು ಹೇಳುತ್ತಾರೆ. ನಿಜಕ್ಕೂ ಇವು ಸತ್ತವರಿಗಾಗಿ ಕಟ್ಟಿದ ಬೃಹತ್ ಶಿಲಾ ಸ್ಮಾರಕಗಳು, ಸುಮಾರು 400 ಇವೆ.

ಕಟ್ಟಿದ್ದು ಯಾವಾಗ? ಕಲ್ಲನ್ನು ಕೇಳಿ ಪ್ರಯೋಜನವಿಲ್ಲ. ಬಂಡೆ ಹುಟ್ಟಿದ ಕಾಲ ಬೇರೆ, ಅದನ್ನು ಎತ್ತಿ ನಿಲ್ಲಿಸಿದ ಕಾಲ ಬೇರೆ. ಹಾಗಾಗಿ ಕಲ್ಲಿನ ಬುಡದ ಮಣ್ಣು, ಮಡಕೆ ಚೂರು, ಇದ್ದಿಲು, ಮೂಳೆಯನ್ನೇ ಕೇಳಬೇಕು.

1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆಸಿದ್ದು ಹೀಗೆಯೇ. ಕೆಳಗೆ ಕಲ್ಲುಕೊಡಲಿಯ ಜನರ ಪದರ, ಅದರ ಮೇಲೆ ಕಬ್ಬಿಣ ಬಳಸಿ ಕಲ್ಲುಗೋರಿ ಕಟ್ಟಿದವರ ಪದರ, ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ್ದು. ಮೇಲಿನ ಪದರದ ಮಡಕೆಯಂಥದ್ದೇ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ ವೀಲರ್, ಗೋರಿಗಳು ಕ್ರಿ.ಪೂ. 200ರ ಆಸುಪಾಸಿನಲ್ಲಿ ಶುರುವಾದವು ಎಂದರು. ಆಗ ಇಂಗಾಲದ ಪರೀಕ್ಷೆ ಇರಲಿಲ್ಲ. ಬರಿ ಮಡಕೆ ಹಿಡಿದು ಅಷ್ಟು ದೂರ ಹೋದದ್ದೇ ದೊಡ್ಡದು ಎನ್ನುತ್ತೇವೆ ನಾವು.

ಆಮೇಲೆ ಪರೀಕ್ಷೆ ಬಂತು. ಮರ ಸತ್ತ ಮೇಲೆ ಅದರೊಳಗಿನ ವಿಕಿರಣಶೀಲ ಇಂಗಾಲ ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ಕಾಲ ಗೊತ್ತಾಗುತ್ತದೆ. ತುಂಗಭದ್ರೆ ದಂಡೆಯ ಹಳ್ಳೂರಿನ ಇದ್ದಿಲು, ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ಗೋರಿ ಕಟ್ಟಿದವರ ಕಾಲವೂ ಅದರೊಂದಿಗೆ ಶತಮಾನಗಳಷ್ಟು ಹಿಂದೆ ಸರಿಯಿತು.

ಒಂದೇ ಗೋರಿಯಲ್ಲೂ ಹಂತಗಳಿವೆ. ಗುಂಡಿ ತೋಡಿ, ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಸುತ್ತ ಕಲ್ಲಿನ ವೃತ್ತ ಹಾಕಿ, ಮೇಲೆ ಮುಚ್ಚಳದ ಬಂಡೆ. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಬಿಟ್ಟಿರುತ್ತಾರೆ. ಕೆಲವು ಗೋರಿಗಳಲ್ಲಿ ಹಲವರ ಮೂಳೆಗಳಿವೆ. ಹಾಗಾಗಿ ಒಳಗೆ ಸಿಕ್ಕ ಮೂಳೆಯ ಕಾಲವೇ ಚಪ್ಪಡಿ ನಿಲ್ಲಿಸಿದ ಕಾಲ ಆಗಬೇಕೆಂದೇನಿಲ್ಲ.

ನಿಧಿ ಆಸೆಗೆ ಅಗೆಯುವವರು ಹಾಳುಮಾಡುವುದು ಇದನ್ನೇ. ಈ ಗೋರಿಗಳಲ್ಲಿ ಸಿಗುವುದು ಹೆಚ್ಚಾಗಿ ಕಪ್ಪು-ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮಣಿ. ಮಣ್ಣು ಒಮ್ಮೆ ಮೇಲೆ ಕೆಳಗಾದರೆ ಯಾವ ಇದ್ದಿಲು ಯಾವ ಪದರದ್ದೆಂದು ಯಾರೂ ಹೇಳಲಾರರು. ಹೊಲದಲ್ಲಿ, ಬಾವಿ ತೋಡುವಾಗ ಇಂಥದ್ದು ಕಂಡರೆ ಎತ್ತಬೇಡಿ, ತೊಳೆಯಬೇಡಿ. ಇದ್ದಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ತಹಶೀಲ್ದಾರ್ ಕಚೇರಿಗೆ ತಿಳಿಸಿ.