ಪೀಟರ್ ಪೈಪರನ ಉಸಿರು: ಹೈದರಾಬಾದಿನಲ್ಲಿ ಇಂಗ್ಲಿಷ್ ನಾಲಿಗೆ ನುಲಿಗಳ ಜಾಡು

ಇಂಗ್ಲಿಷ್ ನಾಲಿಗೆ ನುಲಿಗಳ ಚರಿತ್ರೆ ಹುಡುಕಹೊರಟವರಿಗೆ ಮೊದಲು ಎದುರಾಗುವ ಗಟ್ಟಿ ದಾಖಲೆ 1813ರದು. ಆ ವರ್ಷ ಲಂಡನ್ನಿನ ಪ್ರಕಾಶಕ ಜಾನ್ ಹ್ಯಾರಿಸ್ ಪೀಟರ್ ಪೈಪರನ ಹೆಸರು ಹೊತ್ತ ಪುಟ್ಟ ಪುಸ್ತಕವೊಂದನ್ನು ಮಕ್ಕಳಿಗಾಗಿ ಹೊರತಂದ. ಅದರಲ್ಲಿ ಅಕ್ಷರಾನುಕ್ರಮವಾಗಿ ನುಲಿಗಳಿದ್ದವು. ಮೆಣಸಿನಕಾಯಿ ಆರಿಸುವ ಪೀಟರನ ಮಾತು 'ಪಿ' ಅಕ್ಷರದ ಪಾಲಿನದು. ಸ್ಪಷ್ಟವಾದ, ತಪ್ಪಿಲ್ಲದ ಉಚ್ಚಾರಣೆ ಕಲಿಸುವುದೇ ಗುರಿ ಎಂದು ಪುಸ್ತಕದ ಶೀರ್ಷಿಕೆಯೇ ಸಾರುತ್ತಿತ್ತು. ಇದರ ಬೇರು ಹಿಂದಿನ ಶತಮಾನದ ವಾಚನಕಲೆಯ ಚಳವಳಿಯಲ್ಲಿದೆ. ಐರಿಷ್ ನಟ ಥಾಮಸ್ ಶೆರಿಡನ್ ತನ್ನ ಉಪನ್ಯಾಸಗಳನ್ನು ಅಚ್ಚು ಹಾಕಿಸಿದ್ದು 1762ರಲ್ಲಿ, ಜಾನ್ ವಾಕರನ ಉಚ್ಚಾರಣಾ ನಿಘಂಟು ಬಂದದ್ದು 1791ರಲ್ಲಿ. ಊರಿನ ಮಾತನ್ನು ಬಿಟ್ಟು ಲಂಡನ್ನಿನ ಸಭ್ಯರ ಮಾತನ್ನು ಹಿಡಿಯಬೇಕೆಂಬ ಆಸೆ ಬೆಳೆಯುತ್ತಿದ್ದ ಕಾಲವದು. ಅಂದರೆ ಈ ನುಲಿಗಳು ಹುಟ್ಟಿದ್ದು ಇಂಗ್ಲಿಷ್ ತಾಯ್ನುಡಿಯವರ ನಾಲಿಗೆಗಾಗಿ, ಅವರು ಎಡವುವ ಜಾಗಗಳಿಗಾಗಿ. ನನ್ನ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಬೆರಳಗಲದ ತೆಳು ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಹಿಡಿದು 'ಪೆನ್' ಎನ್ನಿ. ಇಂಗ್ಲಿಷಿನವನು ಹೇಳಿದರೆ ಪಟ್ಟಿ ಫಕ್ಕನೆ ಆಚೆಗೆ ಹಾರುತ್ತದೆ. ಒತ್ತು ಬಿದ್ದ ಅಕ್ಷರದ ಮೊದಲಿಗೆ ಬರುವ 'ಪಿ' ದನಿಯ ಜೊತೆ ಅವನು ಉಸಿರನ್ನೂ ಹೊರಬಿಡುತ್ತಾನೆ. ನಾವು ಹೇಳಿದರೆ ಪಟ್ಟಿ ಅಲುಗುವುದೇ ಕಷ್ಟ, ಏಕೆಂದರೆ ನಮ್ಮದು ಅಲ್ಪಪ್ರಾಣದ ಪ. ಆ ಉಸಿರಿಗೆ ನಮ್ಮ ವರ್ಣಮಾಲೆಯಲ್ಲಿ ಬೇರೆ ಅಕ್ಷರವೇ ಇದೆ. ಆದರೆ ಆ 'ಫ' ಇಂದು ಬಹುಮಂದಿಯ ಬಾಯಲ್ಲಿ 'ಫ್ಯಾನ್' ಪದದ ಹಲ್ಲು-ತುಟಿಯ ದನಿಯಾಗಿಬಿಟ್ಟಿದೆ. ಹೀಗಾಗಿ ಕನ್ನಡಿಗ ಪೀಟರ್ ಪೈಪರನ ಮಾತನ್ನು ಎಷ್ಟೇ ಬೇಗ, ಎಲ್ಲೂ ತಡವರಿಸದೆ ಹೇಳಿ ಮುಗಿಸಿದರೂ ಬ್ರಿಟಿಷ್ ಕಿವಿಗೆ ಅಲ್ಲಲ್ಲಿ 'ಪೆಕ್' ಹೋಗಿ 'ಬೆಕ್' ಕೇಳಿಸುತ್ತದೆ. ನಾಲಿಗೆ ತೊಡರಲಿಲ್ಲ, ಆದರೂ ಉಚ್ಚಾರಣೆ ಸುಧಾರಿಸಲಿಲ್ಲ.

ಹೈದರಾಬಾದಿನಲ್ಲಿ ಉಚ್ಚಾರಣೆಯ ಈ ಪ್ರಶ್ನೆ ಇನ್ನಷ್ಟು ಸಿಕ್ಕುಸಿಕ್ಕು. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ, ಇಂಗ್ಲಿಷ್ ಕಡ್ಡಾಯ ವಿಷಯ. ಅಲ್ಲಿಗೆ ಹೋದ ಕನ್ನಡದ ಹುಡುಗ ಮನೆಯ ಕನ್ನಡದ ಮೇಲೆ ಉರ್ದುವನ್ನು, ಉರ್ದುವಿನ ಮೇಲೆ ಇಂಗ್ಲಿಷನ್ನು ಕಲಿಯಬೇಕಿತ್ತು. ಇದರಿಂದ ಅವನಿಗೆ ಒಂದು ಲಾಭವೂ ಇತ್ತು. ಮೈಸೂರು ಕಡೆಯವರು 'ಜೂ' ಎಂದೇ ಹೇಳುವ ಮೃಗಾಲಯದ ಇಂಗ್ಲಿಷ್ ಹೆಸರಿನ ಮೊದಲ ದನಿ, 'ಜಮೀನ್', 'ನಜರ್' ಎಂಬ ಪದಗಳನ್ನು ಉರ್ದು ಉಸ್ತಾದರ ಮುಂದೆ ಕೂತು ಕಲಿತವನಿಗೆ ಹೊಸದಾಗಿರಲಿಲ್ಲ. ಒಂದು ಭಾಷೆ ಇನ್ನೊಂದಕ್ಕೆ ನಾಲಿಗೆಯನ್ನು ಹದಮಾಡಿಕೊಡುವ ಬಗೆ ಇದು. ಹಾಗೆಂದು ನಾಲಿಗೆ ಎಲ್ಲವನ್ನೂ ಒಪ್ಪಿಕೊಳ್ಳುವುದೂ ಇಲ್ಲ. ಉರ್ದುವಿನಲ್ಲಿ ಗಂಟಲಾಳದಿಂದ ಹೊರಡಬೇಕಾದ 'ಕಲಮ್' ಈ ಕಡೆಯ ಉರ್ದುವಾದ ದಖನಿಯಲ್ಲಿ 'ಖಲಮ್' ಆಗಿದೆ. ಶತಮಾನಗಳಿಂದ ಈ ನೆಲದ ಬಾಯಿ ತನಗೆ ಒಗ್ಗದ ದನಿಯನ್ನು ತನ್ನ ಹದಕ್ಕೆ ತಂದುಕೊಂಡೇ ಬಂದಿದೆ.

1958ರಲ್ಲಿ ಇದೇ ನಗರದಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಭಾರತ ಸರ್ಕಾರದ ಜೊತೆ ಫೋರ್ಡ್ ಫೌಂಡೇಶನ್ ಮತ್ತು ಬ್ರಿಟಿಷ್ ಕೌನ್ಸಿಲ್ ಕೈಜೋಡಿಸಿದ್ದವು. ಮುಂದೆ ಸೀಫೆಲ್ ಎಂದೂ, ಈಗ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವೆಂದೂ ಹೆಸರಾದದ್ದು ಇದೇ. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಭಾರತದಲ್ಲಿ ಇಂಗ್ಲಿಷಿನ ಇಂದು-ನಾಳೆಗಳನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1964ರಲ್ಲಿ ಬಂತು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಿ ಎಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಇವರೇ. ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು, ಕನ್ನಡ ಮೊದಲಿರಬೇಕು ಎಂಬ ಎರಡು ಮಾತೂ ಅವರಲ್ಲಿ ಒಟ್ಟಿಗೆ ಬಾಳಿದ್ದವು. ಕವಿಯ ಕಿವಿ ಇದ್ದವರಿಗೆ ಅದು ಸಹಜವೆಂದು ನಾನು ನಂಬಿದ್ದೇನೆ.

ಆ ಸಂಸ್ಥೆಯ ಧ್ವನಿವಿಜ್ಞಾನಿಗಳು ನಾಲಿಗೆ ನುಲಿಯ ದಾರಿ ಹಿಡಿಯಲಿಲ್ಲ. ಭಾರತೀಯರ ಇಂಗ್ಲಿಷ್ ಕೇಳುವವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆದ ಆರ್.ಕೆ. ಬನ್ಸಲ್ ಅವರ ಅಧ್ಯಯನವನ್ನು ಸಂಸ್ಥೆ 1969ರಲ್ಲಿ ಪ್ರಕಟಿಸಿತು. ಬ್ರಿಟಿಷ್ ಕೇಳುಗರಿಗೆ ಅರ್ಥವಾದದ್ದು ಸರಾಸರಿ ಶೇ. 70ರಷ್ಟು. ತೊಡಕಿನ ದೊಡ್ಡ ಕಾರಣಗಳಲ್ಲಿ ಒಂದು, ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕೋ ಅಲ್ಲಿ ಬೀಳದಿರುವುದು. ಕನ್ನಡ, ತೆಲುಗುಗಳಲ್ಲಿ ಅಕ್ಷರಗಳು ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಸಾಗುತ್ತವೆ, ಇಂಗ್ಲಿಷಿನಲ್ಲಿ ಒಂದು ಎದ್ದರೆ ಪಕ್ಕದ್ದು ಕುಗ್ಗುತ್ತದೆ. 1972ರಲ್ಲಿ ಬನ್ಸಲ್ ಅವರು ಹ್ಯಾರಿಸನ್ ಜೊತೆ ಬರೆದ ಕೈಪಿಡಿ, 1981ರಲ್ಲಿ ಟಿ. ಬಾಲಸುಬ್ರಮಣಿಯನ್ ಬರೆದ ಧ್ವನಿವಿಜ್ಞಾನದ ಪಠ್ಯ, ಎರಡೂ ಒಂದೊಂದು ದನಿಯನ್ನು, ಒತ್ತನ್ನು, ಲಯವನ್ನು ಬಿಡಿಸಿಟ್ಟು ಕಲಿಸುವ ಕ್ರಮದವು. ಅದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಕ್ರಮದಲ್ಲಿ ನಗುವಿಗೆ ಜಾಗ ಕಡಿಮೆ. ಮಾತಾಡಲು ಅಂಜುವವನಿಗೆ ಮೊದಲು ಬೇಕಾದದ್ದು ನಗು.

ಆ ನಗು ಬೇರೆ ಬಾಗಿಲಿನಿಂದ ಬಂತು. 1998ರಲ್ಲಿ ನಗರದ ಐಟಿ ಕಟ್ಟಡ ಸೈಬರ್ ಟವರ್ಸ್ ಉದ್ಘಾಟನೆಯಾಯಿತು, ಹಿಂದೆಯೇ ಕಾಲ್ ಸೆಂಟರುಗಳು ಬಂದವು. ಅಮೀರ್‌ಪೇಟೆಯ ಕೋಚಿಂಗ್ ಗಲ್ಲಿಗಳಲ್ಲಿ ಸ್ಪೋಕನ್ ಇಂಗ್ಲಿಷಿನ ಬೋರ್ಡುಗಳು ಕಂಪ್ಯೂಟರ್ ಕೋರ್ಸಿನ ಬೋರ್ಡುಗಳ ಪಕ್ಕ ನೇತುಬಿದ್ದವು. ಉಚ್ಚಾರಣೆ ತಿದ್ದುವ ತರಗತಿಗಳಲ್ಲಿ 'ಶಿ ಸೆಲ್ಸ್ ಸೀ ಶೆಲ್ಸ್' ನುಲಿಯ ಕಡಲ ಚಿಪ್ಪು ಮಾರುವವಳೂ ಮೆಣಸಿನಕಾಯಿ ಆರಿಸುವವನೂ ಮರುಹುಟ್ಟು ಪಡೆದರು. ಚಿಪ್ಪಿನವಳ ಹಾಡು 1908ರದು. ಸ ಮತ್ತು ಶಗಳನ್ನು ಕಲಸಿಬಿಡುವ ಅದು ನಮ್ಮವರಿಗೂ ನಿಜಕ್ಕೂ ಉಪಯುಕ್ತ, ಏಕೆಂದರೆ 'ಶಾಲೆ'ಗೆ 'ಸಾಲೆ' ಎನ್ನುವ ಬಾಯಿ ನಮ್ಮಲ್ಲಿ ಬೇಕಾದಷ್ಟಿದೆ.

ಉಳಿದವುಗಳ ವಿಷಯದಲ್ಲಿ ಎಚ್ಚರ ಬೇಕು. ಇಂಗ್ಲಿಷಿನಲ್ಲಿ 'ಒದ್ದೆಯಾದ ಪಶುವೈದ್ಯ' ಎಂಬುದನ್ನು ಎರಡೇ ಪದಗಳಲ್ಲಿ ಹೇಳಿ, ಕನ್ನಡದಲ್ಲಿ ಬರೆದು ನೋಡಿ: 'ವೆಟ್ ವೆಟ್'. ಮೊದಲನೆಯದಕ್ಕೆ ತುಟಿ ದುಂಡಾಗಬೇಕು, ಎರಡನೆಯದಕ್ಕೆ ಕೆಳತುಟಿ ಮೇಲುಹಲ್ಲಿಗೆ ಉಜ್ಜಬೇಕು. ನಮ್ಮ ವ ಈ ಎರಡರ ನಡುವೆ ಇರುವ ಮೆತ್ತನೆಯ ದನಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೂಡಲೇ ಆ ನುಲಿಯ ನುಲಿಯೇ ಬಿಚ್ಚಿಹೋಗುತ್ತದೆ. ಕನ್ನಡ ಅಕ್ಷರದಲ್ಲಿ ಇಂಗ್ಲಿಷ್ ನುಲಿಗಳನ್ನು ಬರೆಸಿ ಬಾಯಿಪಾಠ ಮಾಡಿಸಿದರೆ ಏನೂ ಸಿಗದಿರುವುದು ಇದರಿಂದಲೇ. ಅವನ್ನು ಕಿವಿಯಿಂದಲೇ ಕಲಿಯಬೇಕು.

ಎಡವುವುದಾದರೂ ಹೇಗೆ? ಎಂಐಟಿಯ ಸ್ಟೆಫನಿ ಶಟಕ್-ಹಫ್ನೇಗಲ್ ತಂಡ 2013ರಲ್ಲಿ ಮಂಡಿಸಿದ ಪ್ರಯೋಗದಲ್ಲಿ ಇದಕ್ಕೊಂದು ಸುಳಿವಿದೆ. ಎರಡು ಪದಗಳ ಮೊದಲ ದನಿಗಳು ಕೆಲವೊಮ್ಮೆ ಒಂದರ ಮೇಲೊಂದು ಬಿದ್ದು ಒಟ್ಟಿಗೇ ಹೊರಬರುತ್ತವೆ. ಬರಿಯ ಪದಪಟ್ಟಿಯಲ್ಲಿ ಎಡವುವ ಬಗೆ ಒಂದಾದರೆ ವಾಕ್ಯದಲ್ಲಿ ಎಡವುವ ಬಗೆ ಇನ್ನೊಂದು. ತಪ್ಪು ನಾಲಿಗೆಯ ಸ್ನಾಯುವಿನದಷ್ಟೇ ಅಲ್ಲ, ಮುಂದಿನ ದನಿಯನ್ನು ಮೊದಲೇ ಯೋಜಿಸುವ ಮಿದುಳಿನದೂ ಹೌದು. ಇದನ್ನು ಒಪ್ಪಿದರೆ ನುಲಿಯ ವೇಗಕ್ಕಿಂತ ಅದರ ತಾಳ ಮುಖ್ಯವಾಗುತ್ತದೆ. ಪೀಟರನ ಮಾತನ್ನು ನಿಧಾನವಾಗಿ, ಒತ್ತು ಬೀಳುವಲ್ಲಿ ಮಾತ್ರ ಚಪ್ಪಾಳೆ ತಟ್ಟಿ ಹೇಳಿಸಿದರೆ ಬನ್ಸಲ್ ಗುರುತಿಸಿದ ಕೊರತೆಗೇ ಅದು ಮದ್ದಾಗುತ್ತದೆ.

ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ನಾವು, ಕೆಂಪು ಲಾರಿ-ಬಿಳಿ ಲಾರಿಗಳನ್ನು ತೆಲುಗಿನ ಮಕ್ಕಳು ಕೂಡಿಯೇ ಆಡಿದ್ದೇವೆ. ಅವು ರ-ಲಗಳ ಮೇಲೆ ಕಟ್ಟಿದವು, ನಮ್ಮದೇ ಕಷ್ಟಗಳಿಂದ ಹುಟ್ಟಿದವು. ನಮ್ಮವರ ಇಂಗ್ಲಿಷಿಗೂ ಹಾಗೆ ನಮ್ಮ ಕಷ್ಟಗಳಿಂದಲೇ ಹೊಸ ನುಲಿಗಳನ್ನು ಕಟ್ಟಬಹುದು. ಕನ್ನಡಿಗರೂ ತೆಲುಗರೂ ಪದದ ಮೊದಲ ಎ, ಈಗಳಿಗೆ ಯಕಾರವನ್ನು, ಒ, ಓಗಳಿಗೆ ವಕಾರವನ್ನು ಅರಿವಿಲ್ಲದೆ ಸೇರಿಸುತ್ತಾರೆ. 'ಎಗ್' ಹೋಗಿ 'ಯೆಗ್' ಆಗುತ್ತದೆ, 'ಓನ್ಲಿ' ಹೋಗಿ 'ವೋನ್ಲಿ' ಆಗುತ್ತದೆ. ಲಂಡನ್ನಿನ ಮಗು ಇಲ್ಲಿ ಎಡವುವುದೇ ಇಲ್ಲ, ಆದ್ದರಿಂದ 1813ರ ಪುಸ್ತಕಕ್ಕೆ ಇದು ಬೇಕಿರಲಿಲ್ಲ. ಹೈದರಾಬಾದಿನ ಕಾಚಿಗೂಡದ ಕನ್ನಡ ಮನೆಯ ಮಗುವಿಗೆ ನಾನೇ ಕಟ್ಟಿದ ಒಂದನ್ನು ಕೊಡುತ್ತೇನೆ: 'ಈಸ್ಟ್ ಹ್ಯಾಸ್ ಯೀಸ್ಟ್, ಯೀಸ್ಟ್ ಈಸ್ ಈಸ್ಟ್'. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಎಲ್ಲಿ, ಸೂರ್ಯ ಹುಟ್ಟುವ ಈಸ್ಟ್ ಎಲ್ಲಿ ಎಂಬುದು ಕೇಳುಗರಿಗೆ ತಿಳಿಯಬೇಕು. ಮೂರು ಸಲ, ಚಪ್ಪಾಳೆಯ ಜೊತೆಗೆ.